ಕವರ್ ಅಂದ್ರೆ ಕೈಚೀಲ ಅಲ್ಲ

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನಿಂತು ‘ಒಂದು ಕವರ್ ಕೊಡ್ರಿ’ ಅಂದರೆ ಕೈಗೆ ಬರುವುದು ಪ್ಲಾಸ್ಟಿಕ್ ಚೀಲ. ಅಂಚೆ ಕಚೇರಿಯಲ್ಲಿ ಅಂದರೆ ಲಕೋಟೆ. ಹೋದ ತಿಂಗಳು ನನ್ನ ತಮ್ಮನ ಮಗ ಫೋನು ಹಿಡಿದುಕೊಂಡು ಬಂದು ‘ಅಜ್ಜಿ, ನಾ ಒಂದು ಕವರ್ ಮಾಡೇನಿ, ಕೇಳು’ ಅಂದಾಗ ಅವ್ವನಿಗೆ ತಲೆಬುಡ ತಿಳಿಯಲಿಲ್ಲ. ಅವನು ಮಾಡಿದ್ದು ಷರೀಫರ ‘ಸೋರುತಿಹುದು ಮನೆಯ ಮಾಳಿಗಿ’. ಗಿಟಾರ್ ಮೀಟುತ್ತಾ, ನಿಧಾನಕ್ಕೆ ಹಾಡಿದ್ದ. ಎಲ್ಲಾ ಸೇರಿ ಒಂದೂವರೆ ನಿಮಿಷ.

ಅವ್ವ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ: ‘ಕಡೀ ನುಡಿ ಎಲ್ಲಿ ಹೋತೋ?’

ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಒಬ್ಬರು ಆಗಲೇ ಹಾಡಿ ರೆಕಾರ್ಡ್ ಮಾಡಿದ ಹಾಡನ್ನು ಇನ್ನೊಬ್ಬರು ತಮ್ಮ ದನಿಯಲ್ಲಿ ಹೊಸದಾಗಿ ಹಾಡಿ ರೆಕಾರ್ಡ್ ಮಾಡಿದರೆ ಅದು ಕವರ್ ವರ್ಷನ್. ಹಳೇ ರೆಕಾರ್ಡಿಂಗನ್ನೇ ಇಟ್ಟುಕೊಂಡು ಅದರ ಮೇಲೆ ಡ್ರಮ್ ಕುಟ್ಟಿದರೆ ರೀಮಿಕ್ಸ್. ಟ್ರ್ಯಾಕ್ ಹಾಕಿ ಮದುವೆ ಮನೆಯಲ್ಲಿ ಮೈಕ್ ಹಿಡಿದರೆ ಕರೋಕೆ. ಅಷ್ಟೇ ವ್ಯತ್ಯಾಸ.

ಪದ ಹುಟ್ಟಿದ್ದು ವ್ಯಾಪಾರದಲ್ಲಿ. 1940–50ರ ದಶಕದ ಅಮೆರಿಕದಲ್ಲಿ ಒಂದು ಕಂಪನಿಯ ಹಾಡು ಓಡತೊಡಗಿದರೆ, ಎದುರಾಳಿ ಕಂಪನಿ ಅದೇ ಹಾಡನ್ನು ತನ್ನ ಗಾಯಕನಿಂದ ಹಾಡಿಸಿ ಬೇಗ ಬೇಗ ಅಂಗಡಿಗೆ ಬಿಡುತ್ತಿತ್ತು. ಲಿಟಲ್ ರಿಚರ್ಡ್ ಎಂಬ ಕರಿಯ ಗಾಯಕ 1955ರಲ್ಲಿ ‘ಟುಟ್ಟಿ ಫ್ರುಟ್ಟಿ’ ಹಾಡಿದ. ಮರುವರ್ಷ ಬಿಳಿಯ ಪ್ಯಾಟ್ ಬೂನ್ ಅದನ್ನೇ ತಣ್ಣಗೆ, ಇಸ್ತ್ರಿ ಹಾಕಿದ ಹಾಗೆ ಹಾಡಿದ. ಪಾಪ್ ಪಟ್ಟಿಯಲ್ಲಿ ಮೇಲೆ ಹೋದದ್ದು ಬೂನ್ ಹಾಡೇ. ನಮ್ಮಲ್ಲೂ 1980ರ ದಶಕದಲ್ಲಿ ಟಿ-ಸೀರೀಸ್ ಹಳೇ ಹಿಂದಿ ಹಾಡುಗಳನ್ನು ಹೊಸಬರಿಂದ ಹಾಡಿಸಿ ಅಗ್ಗದ ಕ್ಯಾಸೆಟ್ ಮಾಡಿ ಮಾರಿತು. ಬಸ್ಸಿನಲ್ಲಿ ಕೇಳುವಾಗ ‘ಇದು ರಫಿ ದನಿ ಅಲ್ವಲ್ಲಾ’ ಅನ್ನಿಸುತ್ತಿದ್ದುದು ಅದಕ್ಕೇ.

ಇಂಥ ಪದಕ್ಕೆ ಮರ್ಯಾದೆ ತಂದುಕೊಟ್ಟದ್ದರಲ್ಲಿ ಟ್ರಿಬ್ಯೂಟ್ ಆಲ್ಬಂಗಳ ಪಾಲು ದೊಡ್ಡದು. ಒಬ್ಬ ಹಾಡುಗಾರನ ಹಾಡುಗಳನ್ನು ಹತ್ತಾರು ಮಂದಿ ಹಂಚಿಕೊಂಡು ಹಾಡುವುದು, ಅವನ ನೆನಪಿಗೆ ಅಥವಾ ಅವನ ಮೇಲಿನ ಪ್ರೀತಿಗೆ. ಅದರಲ್ಲೂ ಇಂಡಿ ಹಾಡುಗಾರರಿಗೆ ಇದು ಜಾಸ್ತಿ ನಡೆಯುತ್ತದೆ. (ಇಂಡಿ ಅಂದರೆ ವಿಜಯಪುರದ ಕಡೆಯ ಲಿಂಬೆಹಣ್ಣಿನ ಊರಲ್ಲ; ದೊಡ್ಡ ಕಂಪನಿಯ ಹಂಗಿಲ್ಲದೆ ತಾನೇ ಬರೆದು ತಾನೇ ಹಾಡುವವನು.)

ನನಗೆ ಪ್ರೀತಿಯ ಉದಾಹರಣೆ ಡೇನಿಯಲ್ ಜಾನ್‌ಸ್ಟನ್. 1980ರ ದಶಕದಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾ, ಕಂಡಕಂಡವರ ಕೈಗೆ ತನ್ನ ಕ್ಯಾಸೆಟ್ ಕೊಡುತ್ತಿದ್ದ. ರೆಕಾರ್ಡ್ ಮಾಡಿದ್ದು ಮನೆಯ ಅಗ್ಗದ ಟೇಪ್ ರೆಕಾರ್ಡರಿನಲ್ಲಿ. ಆರಂಭದಲ್ಲಿ ಕ್ಯಾಸೆಟ್ ಕಾಪಿ ಮಾಡುವ ಅನುಕೂಲವೂ ಇರಲಿಲ್ಲ. ಯಾರಾದರೂ ಕೇಳಿದರೆ ಅಷ್ಟೂ ಹಾಡನ್ನು ಮತ್ತೆ ಮೊದಲಿಂದ ಹಾಡಿ ತುಂಬಿಸಿ ಕೊಡುತ್ತಿದ್ದ. ಅಂದರೆ ತನ್ನ ಹಾಡಿಗೆ ತಾನೇ ಮೊದಲ ಕವರ್!

2004ರಲ್ಲಿ ಅವನ ಹಾಡುಗಳ ಟ್ರಿಬ್ಯೂಟ್ ಆಲ್ಬಂ ಬಂತು. ಹೆಸರಿನಲ್ಲಿ ‘ದಿವಂಗತ ಮಹಾನುಭಾವ ಡೇನಿಯಲ್ ಜಾನ್‌ಸ್ಟನ್’ ಎಂಬ ಅರ್ಥದ ಮಾತಿತ್ತು. ಆದರೆ ಆಸಾಮಿ ಬದುಕಿದ್ದ! ತೀರಿಕೊಂಡದ್ದು 2019ರ ಸೆಪ್ಟೆಂಬರಿನಲ್ಲಿ. ಆ ಆಲ್ಬಂನಲ್ಲಿ ಎರಡು ಡಿಸ್ಕ್. ಒಂದರಲ್ಲಿ ಟಾಮ್ ವೇಟ್ಸ್, ಬೆಕ್ ಮುಂತಾದ ಹೆಸರಾಂತ ಗಾಯಕರು ತಮ್ಮ ತಮ್ಮ ರೀತಿಯಲ್ಲಿ ಹಾಡಿದ ಕವರ್‌ಗಳು. ಇನ್ನೊಂದರಲ್ಲಿ ಅವೇ ಹಾಡುಗಳು, ಡೇನಿಯಲ್ ದನಿಯಲ್ಲೇ. ನಡುಗುವ ಗಂಟಲು, ಟೇಪಿನ ಸರಸರ ಸದ್ದು ಎಲ್ಲಾ ಹಾಗೇ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ ನೋಡಿ. ಹಾಡಿನಲ್ಲಿ ಯಾವುದು ಬರೆದವನದು, ಯಾವುದು ಹಾಡಿದವನದು ಅಂತ ಕಿವಿಯೇ ಬೇರೆ ಮಾಡಿ ಕೊಡುತ್ತದೆ.

ಕವರ್ ಕೆಲವೊಮ್ಮೆ ಮೂಲವನ್ನೇ ಮರೆಸಿಬಿಡುವುದೂ ಉಂಟು. ಕೆನಡಾದ ಕವಿ, ಗಾಯಕ ಲಿಯೊನಾರ್ಡ್ ಕೋಹೆನ್ ತಾನೇ ಬರೆದ ‘ಹಲ್ಲೆಲೂಯ’ವನ್ನು 1984ರಲ್ಲಿ ಹಾಡಿದಾಗ ಯಾರೂ ಅಷ್ಟು ಕಿವಿಗೊಡಲಿಲ್ಲ. 1991ರ ಒಂದು ಟ್ರಿಬ್ಯೂಟ್ ಆಲ್ಬಂಗೆ ಜಾನ್ ಕೇಲ್ ಅದನ್ನು ಪಿಯಾನೊ ಜೊತೆ ಹಾಡಿದ. ಅದನ್ನು ಕೇಳಿ ಕಲಿತ ಜೆಫ್ ಬಕ್ಲಿ 1994ರಲ್ಲಿ ಹಾಡಿದ. ಇವತ್ತಿಗೂ ಎಷ್ಟೋ ಮಂದಿ ಅದನ್ನು ಬಕ್ಲಿಯ ಹಾಡು ಅಂದುಕೊಂಡಿದ್ದಾರೆ.

ಈಗ ಅವ್ವನ ಪ್ರಶ್ನೆ. ಅವಳ ತವರು ಶಿಗ್ಗಾಂವಿ ತಾಲೂಕಿನ ಹಳ್ಳಿ. ಶಿಶುವಿನಹಾಳ ಅಲ್ಲಿಂದ ದೂರವಿಲ್ಲ. ಚಿಕ್ಕಂದಿನಲ್ಲಿ ಅವಳು ಷರೀಫರ ಪದ ಕೇಳಿದ್ದು ಭಜನಾ ಮೇಳದಲ್ಲಿ, ದಮ್ಮಡಿ, ತಾಳ, ಹಾರ್ಮೋನಿಯಂ ಪೆಟ್ಟಿಗೆಯ ಜೊತೆ. ಊರಿಗೊಂದು ಧಾಟಿ. ಇವುಗಳಲ್ಲಿ ಮೂಲ ಯಾವುದು? ಎಡಿಸನ್ ದನಿ ಹಿಡಿಯುವ ಯಂತ್ರ ಮಾಡಿದ್ದು 1877ರಲ್ಲಿ. ಷರೀಫರು ತೀರಿಕೊಂಡದ್ದು 1889ರಲ್ಲಿ. ಯಂತ್ರ ಇತ್ತು, ಆದರೆ ನಮ್ಮ ಸೀಮೆಗೆ ಸುಳಿದಿರಲಿಲ್ಲ. ಮೊದಲ ರೆಕಾರ್ಡಿಂಗೇ ಇಲ್ಲದ ಮೇಲೆ ಮೇಳದವರದು ಕವರ್ ಆಗುವುದು ಹೇಗೆ?

ಆದರೂ ನೂರಾರು ಬಾಯಿ ದಾಟಿ ಬಂದ ಪದ ಯಾರದು ಅಂತ ಯಾರೂ ಮರೆತಿಲ್ಲ. ಕಡೆಯ ನುಡಿಯಲ್ಲಿ ‘ಶಿಶುನಾಳಧೀಶ’ ಎಂಬ ಅಂಕಿತ ಕೂತಿರುತ್ತದೆ. ಯಾರೇ ಹಾಡಲಿ, ಯಾವ ಧಾಟಿಯಲ್ಲೇ ಹಾಡಲಿ, ಹಾಡು ಮುಗಿಯುವ ಹೊತ್ತಿಗೆ ಬರೆದವರ ಗುರುತು ಹಾಡುವವನ ಬಾಯಿಂದಲೇ ಬರುತ್ತದೆ. ನಮ್ಮ ಹುಡುಗ ‘ಉದ್ದ ಆದ್ರ ಯಾರೂ ಕೇಳಂಗಿಲ್ಲ’ ಅಂತ ಕತ್ತರಿಸಿದ್ದು ಅದನ್ನೇ. ‘ಸಹಿ ಹರದ ಒಗದಿಯಲ್ಲೋ’ ಅಂದಳು ಅವ್ವ.

ಅಂಕಿತ ಮಾಡುತ್ತಿದ್ದ ಕೆಲಸಕ್ಕೆ ಈಗ ಕಾನೂನು ಬೇಕಾಗಿದೆ. 2012ರ ತಿದ್ದುಪಡಿಯಲ್ಲಿ ನಮ್ಮ ದೇಶದ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಗೆ 31ಸಿ ಎಂಬ ಕಲಂ ಸೇರಿತು. ಅದರಡಿ ಕವರ್ ಮಾಡಬೇಕೆಂದರೆ ಹಾಡು ಮೊದಲು ರೆಕಾರ್ಡ್ ಆದ ವರ್ಷ ಮುಗಿದು ಐದು ವರ್ಷ ಕಾಯಬೇಕು. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಮುಂಗಡ ಕಟ್ಟಬೇಕು. ಹೊದಿಕೆಯ ಮೇಲೆ ‘ಇದು ಕವರ್ ವರ್ಷನ್’ ಅಂತ ಬರೆಯಬೇಕು, ಹಳೆಯ ಗಾಯಕರ ಹೆಸರು, ಚಿತ್ರ ಹಾಕಿ ಜನರನ್ನು ಯಾಮಾರಿಸುವಂತಿಲ್ಲ. ಇಷ್ಟು ಸರಿ. ಆದರೆ ತಾಂತ್ರಿಕವಾಗಿ ಅಗತ್ಯವಿಲ್ಲದ ಬದಲಾವಣೆಯನ್ನೂ ಮಾಡುವಂತಿಲ್ಲ ಅನ್ನುತ್ತದೆ. ಒಳ್ಳೆಯ ಕವರ್ ಅಂದರೆ ಬದಲಾವಣೆಯೇ ಅಲ್ವಾ! ಈ ಕಲಮನ್ನು ಬರೆದವರು ಟಾಮ್ ವೇಟ್ಸ್‌ನನ್ನು ಕೇಳಿರಲಿಕ್ಕಿಲ್ಲ.

ಇನ್ನೊಂದು ಸಿಕ್ಕು. ಹುಡುಗ ಹಾಡಿದ ಧಾಟಿ ಮೇಳದ್ದಲ್ಲ, ಸಿ. ಅಶ್ವಥ್ ಅವರದು. ಸಾಹಿತ್ಯ ಎಲ್ಲರ ಸೊತ್ತು. ಕೃತಿಸ್ವಾಮ್ಯ ಉಳಿಯುವುದು ಬರೆದವರು ತೀರಿದ ಮೇಲೆ 60 ವರ್ಷ ಮಾತ್ರ. ಅಶ್ವಥ್ ತೀರಿಕೊಂಡದ್ದು 2009ರಲ್ಲಿ. ಅವರ ಧಾಟಿಗೆ 2069ರ ಕೊನೆಯವರೆಗೂ ಹಕ್ಕುದಾರರಿದ್ದಾರೆ. ಹಾಗಾಗಿ ಅವನದು ಪದದ ಲೆಕ್ಕದಲ್ಲಿ ಕವರ್ ಅಲ್ಲ, ಧಾಟಿಯ ಲೆಕ್ಕದಲ್ಲಿ ಹೌದು.

ಮರುವಾರ ಮತ್ತೆ ಹಾಡಿ ತಂದ. ಈ ಸಲ ಕಡೆಯ ನುಡಿ ಇತ್ತು. ಮನೆಯ ವಾಟ್ಸಾಪ್ ಗುಂಪಿಗೆ ಹಾಕುವಾಗ ಕೆಳಗೆ ‘ಪದ: ಶಿಶುನಾಳ ಷರೀಫರು, ಧಾಟಿ: ಸಿ. ಅಶ್ವಥ್’ ಅಂತಲೂ ಬರೆದ. ಅವ್ವ ಕೇಳಿ ತಲೆಯಾಡಿಸಿದಳು. ‘ಈಗ ಆತು ನೋಡು. ಆದ್ರ ಇಷ್ಟ ಸಾವಕಾಶ ಯಾಕ ಹಾಡ್ತಿ, ಮಳಿ ನಿಂತ ಮ್ಯಾಲ ಮಾಳಿಗಿ ಸೋರಿದಂಗ?’