ಬ್ಯಾಟ್‌ಮನ್ ಪಕ್ಕದಲ್ಲಿ ಎರಡನೆಯ ಹೆಸರು ಬರಲು 76 ವರ್ಷ

"ಅಲ್ಲಪಾ, ಸ್ಪೈಡರ್‌ಮ್ಯಾನ್ ಸ್ಟಾನ್ ಲೀ ಅವರದ್ದಲ್ಲದ ಮತ್ಯಾರದು?" ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಾಲೇಜು ಬಿಡುವ ಹೊತ್ತಿಗೆ ಈ ಮಾತು ಎದ್ದರೆ ಒಂದು ಕಪ್ ಚಹಾಕ್ಕೆ ಮುಗಿಯುವುದಿಲ್ಲ. ಸಿನಿಮಾ ನೋಡಿ ಅಭಿಮಾನಿಗಳಾದ ಹುಡುಗರಿಗೆ ಮಾರ್ವೆಲ್ ಕಾಮಿಕ್ಸ್ ಬರಹಗಾರ ಲೀ ಅವರ ಮುಖ ಪರಿಚಿತ, ಅವರು ತೆರೆಯ ಮೇಲೆ ಬಂದು ಹೋದವರು. ಕಾಮಿಕ್ಸ್ ಓದಿದ ನಾಲ್ಕೈದು ಮಂದಿ ಮಾತ್ರ ಅದರ ಚಿತ್ರ ಬಿಡಿಸಿದ ಸ್ಟೀವ್ ಡಿಟ್ಕೊ ಹೆಸರು ಹಿಡಿದು ಪಟ್ಟು ಬಿಡುವುದಿಲ್ಲ. ನನ್ನ ಓರಗೆಯವರು ನಡುವೆ ಬಾಯಿ ಹಾಕಿ "ಯಾರ್ ಬರದರೇನು, ಕತಿ ಚಲೋ ಇದ್ರ ಆತು" ಅನ್ನುತ್ತಾರೆ. ಈ ಮೂರನೆಯ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆಂಬುದು ಈ ಜಗಳದ ಚರಿತ್ರೆಯಲ್ಲೇ ಇದೆ.

ನಮ್ಮ ಪೀಳಿಗೆಗೆ ಆ ಉದಾಸೀನ ಬಂದದ್ದು ಸಹಜವೇ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಮುಂದೆ ಕನ್ನಡದಲ್ಲೂ ಬಂತು. ಫ್ಯಾಂಟಮ್, ಮಾಂಡ್ರೇಕ್ ಇಬ್ಬರನ್ನೂ ಹುಟ್ಟಿಸಿದವರು ಲೀ ಫಾಕ್ ಎಂದು ಆಗ ಕೇಳಿದವರಾರು? ಫ್ಯಾಂಟಮ್ ಇರುವ ಬೆಂಗಾಲಿ ಎಂಬ ನಾಡು ಭಾರತದ ಆವೃತ್ತಿಯಲ್ಲಿ ಡೆಂಕಾಲಿ ಆಗಿದ್ದೂ ನಮಗೆ ಗೊತ್ತಿರಲಿಲ್ಲ.

ಅಮೆರಿಕದಲ್ಲಿ ಮೋಸ ಮೊದಲ ನಾಯಕನಿಂದಲೇ ಶುರು. ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ತರುಣರು 1938ರಲ್ಲಿ ಸೂಪರ್‌ಮ್ಯಾನ್‌ನ ಹಕ್ಕನ್ನು 130 ಡಾಲರ್‌ಗೆ ಬರೆದುಕೊಟ್ಟರು. ಪ್ರಕಾಶಕರು ಕೋಟಿಗಟ್ಟಲೆ ಗಳಿಸಿದರು. ಇವರು ಕೋರ್ಟು ಹತ್ತಿ ಕೆಲಸವನ್ನೂ ಕಳೆದುಕೊಂಡರು. 1975ರಲ್ಲಿ ದೊಡ್ಡ ಬಜೆಟ್ಟಿನ ಸಿನಿಮಾ ಸುದ್ದಿಯಾದಾಗ ಸೀಗಲ್ ಪತ್ರಿಕೆಗಳ ಮುಂದೆ ಹೋದರು. ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್ ಮೊದಲಾದ ಕಲಾವಿದರು ಬೆನ್ನಿಗೆ ನಿಂತರು. ವರ್ಷಕ್ಕೆ ತಲಾ 20,000 ಡಾಲರ್ ಮಾಸಾಶನದ ಜೊತೆಗೆ ಇಬ್ಬರ ಹೆಸರೂ ನಾಯಕನ ಪಕ್ಕಕ್ಕೆ ಮರಳಿತು. ಅಷ್ಟರಲ್ಲಿ ಶುಸ್ಟರ್ ಅವರ ಕಣ್ಣು ಹೆಚ್ಚುಕಡಿಮೆ ಹೋಗಿತ್ತು.

ಬ್ಯಾಟ್‌ಮನ್‌ದು ಇದಕ್ಕಿಂತ ನೋವಿನ ಕತೆ. 1939ರಲ್ಲಿ ಚಿತ್ರಗಾರ ಬಾಬ್ ಕೇನ್ ಮೊದಲು ಬಿಡಿಸಿದ ಆಕೃತಿಗೆ ಕೆಂಪು ಬಿಗಿಯುಡುಪು, ಕಣ್ಣಿಗೊಂದು ಪುಟ್ಟ ಮುಖವಾಡ, ಬೆನ್ನಿಗೆ ಸೆಟೆದ ರೆಕ್ಕೆ. ಅದನ್ನು ನೋಡಿದ ಬರಹಗಾರ ಬಿಲ್ ಫಿಂಗರ್, ರೆಕ್ಕೆಯ ಬದಲು ಬೆನ್ನ ಮೇಲೆ ಇಳಿಬಿದ್ದ ಮೇಲುಹೊದಿಕೆ ಹಾಕು, ಬಾವಲಿ ಕಿವಿಯ ಮುಸುಕು ಕೊಡು, ಕಣ್ಣುಗುಡ್ಡೆ ಕಾಣಿಸಬೇಡ, ಬಣ್ಣ ಬೂದಿ ಮಾಡು ಎಂದು ತಿದ್ದಿದರು. ಮೊದಲ ಕತೆ ಬರೆದವರೂ ಅವರೇ. ನಾಯಕನ ನಿಜ ಹೆಸರು ಬ್ರೂಸ್ ವೇನ್, ಅವನ ಊರಿನ ಹೆಸರು ಗೋಥಮ್, ಇವೂ ಅವರವೇ. ಆದರೆ ಪ್ರಕಾಶನ ಕಂಪನಿಯ ಜೊತೆ ಕರಾರು ಮಾಡಿಕೊಂಡವರು ಕೇನ್ ಒಬ್ಬರೇ, ಹಾಗಾಗಿ ದಶಕಗಟ್ಟಲೆ ಅಚ್ಚಾದದ್ದೂ ಅವರೊಬ್ಬರ ಹೆಸರೇ.

ಇಲ್ಲಿ ಮೊದಲು ದನಿ ಎತ್ತಿದವರು ಒಬ್ಬ ಅಭಿಮಾನಿ. ಡೆಟ್ರಾಯಿಟ್‌ನ ಪ್ರಾಧ್ಯಾಪಕ ಜೆರ್ರಿ ಬೇಲ್ಸ್ 1965ರಲ್ಲಿ ಫಿಂಗರ್ ಅವರನ್ನು ಮಾತಾಡಿಸಿ, ಅಭಿಮಾನಿಗಳೇ ನಡೆಸುತ್ತಿದ್ದ ಪುಟ್ಟ ಪತ್ರಿಕೆಗೆ ಎಲ್ಲವನ್ನೂ ಬರೆದರು. ಕೇನ್ ಸಿಟ್ಟಾಗಿ ಉದ್ದನೆಯ ಪತ್ರ ಬರೆದು ಅಲ್ಲಗಳೆದರು. ಫಿಂಗರ್ 1974ರಲ್ಲಿ ಬಡತನದಲ್ಲೇ ತೀರಿಕೊಂಡರು. ಅವರಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂದು ಕೇನ್ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡದ್ದು 1989ರಲ್ಲಿ. ಆಮೇಲೂ ಕರಾರು ಕರಾರಾಗಿಯೇ ಉಳಿಯಿತು. ಕೊನೆಗೆ ಲೇಖಕ ಮಾರ್ಕ್ ಟೈಲರ್ ನೋಬಲ್‌ಮನ್ ಹುಡುಕುತ್ತ ಹೋಗಿ ಫಿಂಗರ್ ಅವರ ಮೊಮ್ಮಗಳನ್ನು ಪತ್ತೆ ಹಚ್ಚಿದರು. 2015ರ ಸೆಪ್ಟೆಂಬರ್‌ನಲ್ಲಿ ಫಿಂಗರ್ ಹೆಸರನ್ನೂ ಹಾಕಲು ಕಂಪನಿ ಮಣಿಯಿತು. ಬೇಲ್ಸ್ ಬರೆದ ಐವತ್ತು ವರ್ಷಕ್ಕೆ! ಅಭಿಮಾನಿಗಳ ವಾದವನ್ನು ಕಾಡುಹರಟೆ ಅನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ವಿದ್ಯಾನಗರದ ಜಗಳ ಮಾತ್ರ ಇಷ್ಟು ಸರಳವಲ್ಲ. ಮಾರ್ವೆಲ್‌ನಲ್ಲಿ ಲೀ ಪೂರ್ತಿ ಚಿತ್ರಕಥೆ ಬರೆದುಕೊಡುತ್ತಿರಲಿಲ್ಲ. ಎಳೆಯೊಂದನ್ನು ಬಾಯಲ್ಲಿ ಹೇಳಿದರೆ ಕಲಾವಿದರು ಪುಟಗಳನ್ನೆಲ್ಲ ಬಿಡಿಸಿ ತರುತ್ತಿದ್ದರು, ಆಮೇಲೆ ಲೀ ಮಾತು ತುಂಬುತ್ತಿದ್ದರು. 1966ರ ಫೆಂಟಾಸ್ಟಿಕ್ ಫೋರ್‌ನ 48ನೇ ಸಂಚಿಕೆಗೆ ಕಲಾವಿದ ಜ್ಯಾಕ್ ಕಿರ್ಬಿ ತಂದ ಪುಟಗಳಲ್ಲಿ, ಮಾತಾಡಿಕೊಂಡಿರದ ಬೆಳ್ಳಿ ಮೈಯವನೊಬ್ಬ ಹಲಗೆಯ ಮೇಲೆ ಆಕಾಶದಲ್ಲಿ ತೇಲುತ್ತಿದ್ದ. ಇವನ್ಯಾರು ಎಂದು ಲೀ ಕೇಳಿದರು. ಗ್ರಹಗಳನ್ನೇ ನುಂಗುವವನಿಗೆ ಒಬ್ಬ ದೂತ ಬೇಡವೇ ಎಂಬುದು ಕಿರ್ಬಿ ಉತ್ತರ. ಸಿಲ್ವರ್ ಸರ್ಫರ್ ಹುಟ್ಟಿದ್ದು ಹೀಗೆ, ಮತ್ತು ಇದನ್ನು ಹೇಳಿದವರು ಸ್ವತಃ ಲೀ. ಸ್ಪೈಡರ್‌ಮ್ಯಾನ್‌ನ ಕಥಾಹಂದರ ಡಿಟ್ಕೊ ಅವರದೆಂದು 1965ರ ಹೊತ್ತಿಗೆ ಸಂಚಿಕೆಯಲ್ಲೇ ಅಚ್ಚಾಗತೊಡಗಿತ್ತು. ಮರುವರ್ಷ ಅವರು ಬಿಟ್ಟು ಹೋದರು. ಹಕ್ಕಿಗಾಗಿ ಕಿರ್ಬಿ ಮಕ್ಕಳು ಮಾರ್ವೆಲ್ ಜೊತೆ ನಡೆಸಿದ ವ್ಯಾಜ್ಯ ಸುಪ್ರೀಂ ಕೋರ್ಟಿನ ಬಾಗಿಲವರೆಗೆ ಹೋಗಿ 2014ರಲ್ಲಿ ರಾಜಿಯಾಯಿತು.

ನನ್ನ ತಕ್ಕಡಿ ಕಿರ್ಬಿ, ಡಿಟ್ಕೊ ಕಡೆಗೆ ವಾಲುತ್ತದೆ. ಹಾಗಂತ ಲೀ ಏನೂ ಮಾಡಲಿಲ್ಲ ಅನ್ನುವ ಹುಡುಗರ ಜೊತೆ ನಾನಿಲ್ಲ. ಸ್ಪೈಡರ್‌ಮ್ಯಾನ್ ಆಗುವ ಹುಡುಗ ಪೀಟರ್ ಪಾರ್ಕರ್‌ನ ತುಂಟತನ, ತನ್ನಲ್ಲೇ ಗೊಣಗಿಕೊಳ್ಳುವ ಆ ಚಾಳಿ ಮಾತಿನಲ್ಲೇ ಇರುವುದು. ಚಿತ್ರವಷ್ಟೇ ಇದ್ದಿದ್ದರೆ ಆ ಹುಡುಗ ನಮ್ಮ ಪಕ್ಕದ ಮನೆಯವನಂತೆ ಅನ್ನಿಸುತ್ತಿರಲಿಲ್ಲ.

ಶಿಶುನಾಳ ಶರೀಫರ ಪದವನ್ನು ಹಾವೇರಿ ಸೀಮೆಯಲ್ಲಿ ಯಾರೇ ಹಾಡಲಿ, ಕೊನೆಯ ಸಾಲಿನ ಅಂಕಿತ ಅದು ಯಾರದೆಂದು ಹೇಳಿಬಿಡುತ್ತದೆ. ಕಾಮಿಕ್ಸ್ ಕಲಾವಿದರಿಗೆ ಆ ರಕ್ಷಣೆ ಇರಲಿಲ್ಲ.

ನಮ್ಮದೇ ಒಂದು ಲೆಕ್ಕವೂ ಬಾಕಿ ಇದೆ. ಅಮರ ಚಿತ್ರಕಥೆ ಎಂದರೆ ಕಾರ್ಕಳದ ಅನಂತ ಪೈ, 1967 ಎಂದೇ ಎಲ್ಲರೂ ಹೇಳುವುದು. ಆದರೆ ಮೊದಲು 1965ರಲ್ಲಿ ಕನ್ನಡದಲ್ಲೇ ಅದನ್ನು ತಂದದ್ದು ತಾವು ಎಂದು ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್ ಹೇಳಿದ್ದಾರೆ. ಇಂಗ್ಲಿಷ್ ಮಾಲಿಕೆ ಕೃಷ್ಣನ ಕತೆಯಿಂದ, 11ನೇ ಸಂಖ್ಯೆಯಿಂದ ಶುರುವಾಗುವುದಕ್ಕೆ ಅವರು ಕೊಡುವ ಕಾರಣ ಆ ಮೊದಲ ಹತ್ತು ಕನ್ನಡ ಪುಸ್ತಕಗಳು. ಧಾರವಾಡ, ಗದಗಿನ ಹಳೆಯ ಮನೆಗಳ ಅಟ್ಟದಲ್ಲಿ ಅಂಥದ್ದೊಂದು ಸಿಕ್ಕರೆ ರದ್ದಿಗೆ ಹಾಕುವ ಮುಂಚೆ ಒಳಪುಟ ತೆರೆಯಿರಿ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಇದ್ದರೆ ಬರೆದಿಟ್ಟುಕೊಂಡು ನಾಲ್ಕು ಜನರಿಗೆ ಹೇಳಿ.