ಬ್ರಿಟಿಷರ ಕೈಗೆ ಗ್ರೀವಾಸ್ ಸಿಗಲಿಲ್ಲ ಯಾಕೆ? ಅವನಿಗೆ ಬೇಕಿದ್ದದ್ದಾದರೂ ಏನು?

ಪ್ರಶ್ನೆ: ಸೈಪ್ರಸ್ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಗೆರಿಲ್ಲಾಗಳನ್ನು ಬ್ರಿಟಿಷರು 1956ರಲ್ಲಿ ಬೆಟ್ಟದಲ್ಲಿ ಸುತ್ತುವರಿದಿದ್ದರಂತೆ. ಅಷ್ಟೊಂದು ಸೈನ್ಯ ಇದ್ದರೂ ನಾಯಕ ಗ್ರೀವಾಸ್ ತಪ್ಪಿಸಿಕೊಂಡದ್ದು ಹೇಗೆ?

ಮುಂದೆ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸಿದ ನಮ್ಮ ಜನರಲ್ ತಿಮ್ಮಯ್ಯನವರ ಬಗ್ಗೆ ಎಲ್ಲಾದರೂ ಒಂದು ಲೇಖನ ಬಂದರೆ ಸಾಕು, ಅದರ ಬೆನ್ನಿಗೇ ಈ ಪ್ರಶ್ನೆ ಬಂದು ನಿಲ್ಲುತ್ತದೆ. ಉತ್ತರಿಸಿ ಉತ್ತರಿಸಿ ಸಾಕಾಗಿದೆ. ತಪ್ಪಿಸಿಕೊಂಡ ಕಥೆ ಹೇಳುವುದು ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ತಲೆನೋವು ಇರುವುದು ಪ್ರಶ್ನೆಯ ಮೊದಲ ಸಾಲಿನಲ್ಲಿ.

ಸೈಪ್ರಸ್ಸಿನ ನಡುವೆ ಟ್ರೂಡೋಸ್ ಬೆಟ್ಟಸಾಲು ಇದೆ. ಪೈನ್ ಮರಗಳ ಕಾಡು, ಕಡಿದಾದ ಕಣಿವೆ, ಅಲ್ಲಲ್ಲಿ ಮಠಗಳು. ಗ್ರೀವಾಸ್ ನಡೆಸುತ್ತಿದ್ದ ಗೆರಿಲ್ಲಾ ಸಂಘಟನೆ ಇಯೋಕಾ 1955ರ ಏಪ್ರಿಲ್ 1ರಂದು ಬಾಂಬ್ ಸ್ಫೋಟಗಳೊಂದಿಗೆ ಹೋರಾಟ ಶುರು ಮಾಡಿತ್ತು. ಬ್ರಿಟಿಷ್ ಗವರ್ನರ್ ಆಗಿ ಬಂದ ಫೀಲ್ಡ್ ಮಾರ್ಷಲ್ ಹಾರ್ಡಿಂಗ್ ತುರ್ತು ಪರಿಸ್ಥಿತಿ ಹೇರಿದ್ದ, ದ್ವೀಪದ ಗ್ರೀಕ್ ಜನರ ಮುಖಂಡ ಆರ್ಚ್‌ಬಿಷಪ್ ಮಕಾರಿಯೋಸರನ್ನು 1956ರ ಮಾರ್ಚ್‌ನಲ್ಲಿ ಸೀಶೆಲ್ಸ್ ದ್ವೀಪಕ್ಕೆ ಗಡೀಪಾರು ಮಾಡಿದ್ದ. ಉಳಿದವನು ಗ್ರೀವಾಸ್. ಅವನನ್ನು ಹಿಡಿಯಲೆಂದೇ ಮೇ ತಿಂಗಳಲ್ಲಿ 'ಪೆಪ್ಪರ್‌ಪಾಟ್', ಜೂನ್‌ನಲ್ಲಿ 'ಲಕ್ಕಿ ಅಲ್ಫೋನ್ಸ್' ಎಂಬ ಕಾರ್ಯಾಚರಣೆಗಳು ನಡೆದವು. ಪ್ಯಾರಾಟ್ರೂಪರ್‌ಗಳು, ರಾಯಲ್ ಮರೀನ್ಸ್, ಗಾರ್ಡನ್ ಹೈಲ್ಯಾಂಡರ್ಸ್ ಎಲ್ಲರೂ ಸೇರಿ ಕಾಡಿಗೆ ಸುತ್ತು ಹಾಕಿ, ಸುತ್ತನ್ನು ದಿನದಿನಕ್ಕೂ ಬಿಗಿ ಮಾಡುತ್ತ ಬಂದರು.

ಜೂನ್ 11ರಂದು ಒಂದು ಪ್ಯಾರಾ ಗಸ್ತು ಪಡೆ ಗ್ರೀವಾಸ್‌ ಇದ್ದ ಸಣ್ಣ ಗುಂಪಿನ ಮೇಲೆಯೇ ಹೋಗಿ ಬಿತ್ತು. ಗುಂಡು ಹಾರಿತು. ಸಾಮಾನು, ಕಾಗದಪತ್ರ ಎಲ್ಲ ಅಲ್ಲೇ ಬಿಟ್ಟು ಅವನು ಪೊದೆಗಳ ನಡುವೆ ಜಾರಿಕೊಂಡ. ಸೈನಿಕರಿಗೆ ಸಿಕ್ಕಿದ್ದು ಅವನ ಸಾಮಾನು ಮಾತ್ರ. ಕೆಲವೇ ದಿನಗಳಲ್ಲಿ ಪಾಫೋಸ್ ಕಾಡಿಗೆ ಬೆಂಕಿ ಬಿತ್ತು. ಬೇಸಿಗೆಯ ಒಣ ಪೈನ್, ಮೇಲಿಂದ ದಿಕ್ಕು ಬದಲಿಸಿದ ಗಾಳಿ. ಸುಮಾರು 20 ಸೈನಿಕರು ಸುಟ್ಟು ಸತ್ತರು. ಬೆಂಕಿ ಇಟ್ಟವರು ಗೆರಿಲ್ಲಾಗಳು ಎಂದು ಒಂದು ಕಡೆಯವರು, ಸೈನ್ಯವೇ ಎಂದು ಇನ್ನೊಂದು ಕಡೆಯವರು ಇಂದಿಗೂ ಜಗಳವಾಡುತ್ತಾರೆ. ಗ್ರೀವಾಸ್ ಮಾತ್ರ ಬೆಟ್ಟ ಇಳಿದು ಲಿಮಾಸೋಲ್ ಪಟ್ಟಣ ಸೇರಿ, ಅಲ್ಲಿಯ ಮನೆಯೊಳಗಿನ ಅಡಗುದಾಣದಿಂದಲೇ 1959ರವರೆಗೂ ಆಜ್ಞೆ ಕಳಿಸುತ್ತಿದ್ದ. ಊಟ ಕೊಡುವ ಹಳ್ಳಿ, ಬಾಗಿಲು ತೆರೆಯುವ ಪಾದ್ರಿ, ಸುದ್ದಿ ಮುಟ್ಟಿಸುವ ಶಾಲಾ ಹುಡುಗರು ಅವನ ಕಡೆಗಿದ್ದರು. ಸೈನಿಕರಿಗೆ ಅಲ್ಲಿಯ ಭಾಷೆಯೂ ಬರುತ್ತಿರಲಿಲ್ಲ. ಸುತ್ತುಗಟ್ಟಿದ್ದು ಪೂರ್ತಿ ದಂಡವಾಯಿತು ಅಂತಲೂ ಅಲ್ಲ, ಬೆಟ್ಟದ ಗುಂಪುಗಳು ಚದುರಿಹೋದವು. ಆದರೆ ಅದೇ ನವೆಂಬರ್‌ನಲ್ಲಿ ಪ್ಯಾರಾ ಪಡೆ ಸೂಯೆಜ್ ಯುದ್ಧಕ್ಕೆ ಹಾರಿಹೋಯಿತು, ಬೇಟೆ ಸಡಿಲವಾಯಿತು.

ಈಗ ಆ ಮೊದಲ ಸಾಲಿಗೆ ಬರೋಣ. "ಸೈಪ್ರಸ್ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ" ಅಂತ ಬರೆದಿದ್ದೀರಿ. ಇಲ್ಲ ಸ್ವಾಮಿ, ಅಲ್ಲ. ಬ್ರಿಟಿಷರ ವಿರುದ್ಧ ಬಂದೂಕು ಹಿಡಿದವರೆಲ್ಲ ತಮ್ಮದೇ ಸ್ವತಂತ್ರ ದೇಶಕ್ಕಾಗಿ ಹಿಡಿದರು ಎಂದು ನಾವು ನಮ್ಮ ಕನ್ನಡಕ ಹಾಕಿಕೊಂಡು ಓದುತ್ತೇವೆ. ಇಯೋಕಾಗೆ ಬೇಕಿದ್ದದ್ದು ಗ್ರೀಸ್ ಜೊತೆ ವಿಲೀನ, ಅವರ ಮಾತಿನಲ್ಲಿ 'ಎನೋಸಿಸ್'. ಸ್ವತಂತ್ರ ಸೈಪ್ರಸ್ ಎಂಬುದು ಗ್ರೀವಾಸ್‌ಗೆ ಗುರಿಯಾಗಿರಲಿಲ್ಲ, ಸೋಲಿನಂತೆ ಕಂಡಿತ್ತು.

ನಂಬಿಕೆ ಬರದಿದ್ದರೆ 1950ರ ಜನವರಿಗೆ ಹೋಗಿ. ಚರ್ಚುಗಳಲ್ಲಿ ಪುಸ್ತಕ ತೆರೆದಿಟ್ಟು ಗ್ರೀಕ್ ಸೈಪ್ರಿಯಟ್ಟರ ಸಹಿ ತೆಗೆದುಕೊಂಡರು. ಸುಮಾರು 96 ಪ್ರತಿಶತ ಜನ ಗ್ರೀಸ್ ಸೇರಬೇಕೆಂದು ಸಹಿ ಹಾಕಿದರು. ಆ ಪುಸ್ತಕದಲ್ಲಿ ಸ್ವಾತಂತ್ರ್ಯಕ್ಕೆ ಅಂತ ಒಂದು ಕಾಲಮ್ಮೇ ಇರಲಿಲ್ಲ. ಗ್ರೀವಾಸ್ ಹುಟ್ಟಿದ್ದು ಸೈಪ್ರಸ್ಸಿನಲ್ಲಾದರೂ ಗ್ರೀಕ್ ಸೈನ್ಯದ ಕರ್ನಲ್. ಆಯುಧ ಬಂದದ್ದು ಗ್ರೀಸಿನಿಂದ, ದೋಣಿಯಲ್ಲಿ. 1955ರ ಜನವರಿಯಲ್ಲಿ ಅಂಥ ಒಂದು ದೋಣಿ ಖ್ಲೋರಾಕಾ ತೀರದಲ್ಲಿ ಸಿಕ್ಕಿಬಿತ್ತು. ಶಾಲಾ ಮಕ್ಕಳು ಬೀದಿಗಿಳಿದು ಹಾರಿಸಿದ್ದು ಗ್ರೀಸಿನ ನೀಲಿ-ಬಿಳಿ ಬಾವುಟ. ದ್ವೀಪದ ನಕ್ಷೆಯೂ ಆಲಿವ್ ರೆಂಬೆಗಳೂ ಇರುವ ಈಗಿನ ಬಾವುಟ ಬಂದದ್ದು 1960ರಲ್ಲಿ.

"ಗೋವಾದವರೂ ಭಾರತ ಸೇರಿದರಲ್ಲ, ಅದು ವಿಮೋಚನೆ ಅಲ್ಲವೇ?" ಎಂದು ಕಳೆದ ಸಲ ಒಬ್ಬರು ವಾದಕ್ಕಿಳಿದರು. ಒಳ್ಳೆಯ ಪ್ರಶ್ನೆ, ಒಪ್ಪುತ್ತೇನೆ. ಆದರೆ ಗೋವಾದಿಂದ ನಾಲ್ಕು ಮೈಲಿ ನಡೆದರೆ ಭಾರತ. ಸೈಪ್ರಸ್ಸಿನಿಂದ ಗ್ರೀಸಿನ ಮುಖ್ಯಭೂಮಿ ನೂರಾರು ಕಿಲೋಮೀಟರ್ ದೂರ, ಟರ್ಕಿಯ ಕರಾವಳಿ ಸುಮಾರು 70 ಕಿಲೋಮೀಟರ್. ದ್ವೀಪದ ಜನರಲ್ಲಿ ಸುಮಾರು 18 ಪ್ರತಿಶತ ಟರ್ಕಿಶ್ ಸೈಪ್ರಿಯಟ್ಟರು. ಅವರ ಕಿವಿಗೆ 'ವಿಲೀನ' ಎಂದರೆ ಯಜಮಾನ ಬದಲಾಗುವುದು, ಅಷ್ಟೇ. ಬ್ರಿಟಿಷರು ಅವರನ್ನೇ ಸಹಾಯಕ ಪೊಲೀಸರಾಗಿ ಸೇರಿಸಿಕೊಂಡು ಗೆರಿಲ್ಲಾಗಳ ಎದುರು ನಿಲ್ಲಿಸಿದರು. ಮುಂದಿನ ಕೋಮುಗಲಭೆಗೆ ಸೌದೆ ಅಲ್ಲಿಂದಲೂ ಬಂತು. ಟರ್ಕಿಶ್ ಕಡೆಯಿಂದ ದ್ವೀಪವನ್ನೇ ಎರಡು ಭಾಗ ಮಾಡಿ ಎಂಬ ಕೂಗು ಎದ್ದಿತು. ಇಯೋಕಾ ಗುಂಡಿಗೆ ಎಡಪಂಥೀಯ ಗ್ರೀಕರೂ ಬಲಿಯಾದರು, ಅದನ್ನು ಯಾರೂ ಕೇಳುವುದಿಲ್ಲ.

ಹಾಗೆಂದು ಬ್ರಿಟಿಷರ ಪರ ವಕಾಲತ್ತು ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ. 1956-57ರಲ್ಲಿ ಒಂಬತ್ತು ಯುವಕರನ್ನು ನೇಣಿಗೇರಿಸಿ, ಹೆಣವನ್ನು ಮನೆಯವರಿಗೂ ಕೊಡದೆ ನಿಕೋಸಿಯಾ ಜೈಲಿನೊಳಗೇ ಹೂತರು. ಕೊನೆಯವನಿಗೆ ಇಪ್ಪತ್ತೂ ತುಂಬಿರಲಿಲ್ಲ. 1957ರ ಮಾರ್ಚ್ 3ರಂದು ಮಖೈರಾಸ್ ಮಠದ ಬಳಿ ಅಡಗಿದ್ದ ಇಯೋಕಾ ಹೋರಾಟಗಾರ ಗ್ರಿಗೋರಿಸ್ ಅಫ್ಕ್ಸೆಂಟಿಯು ಶರಣಾಗಲು ಒಪ್ಪದಿದ್ದಾಗ ಅಡಗುದಾಣಕ್ಕೆ ಪೆಟ್ರೋಲ್ ಸುರಿದು ಬೆಂಕಿ ಇಟ್ಟರು. ಚಿತ್ರಹಿಂಸೆ ಅನುಭವಿಸಿದೆವು ಎಂದ 33 ಮಂದಿಗೆ ಬ್ರಿಟಿಷ್ ಸರ್ಕಾರ 2019ರಲ್ಲಿ 10 ಲಕ್ಷ ಪೌಂಡ್ ಕೊಟ್ಟು ರಾಜಿ ಮಾಡಿಕೊಂಡಿತು, ತಪ್ಪು ಮಾತ್ರ ಒಪ್ಪಿಕೊಳ್ಳಲಿಲ್ಲ. ಹೋರಾಟಗಾರರ ಧೈರ್ಯ ಒಂದು ವಿಷಯ, ಅವರ ಬೇಡಿಕೆ ಇನ್ನೊಂದು ವಿಷಯ. ಎರಡನ್ನೂ ಕಲಸಬೇಡಿ ಎಂಬುದಷ್ಟೇ ನನ್ನ ತಕರಾರು.

ಸ್ವಾತಂತ್ರ್ಯದ ಮಾತು ಬಂದದ್ದು ತಡವಾಗಿ. ಒಪ್ಪಬಹುದು ಎಂದು ಮಕಾರಿಯೋಸ್ ಬಾಯಿಬಿಟ್ಟದ್ದೇ 1958ರಲ್ಲಿ. ಮರುವರ್ಷ ಜ್ಯೂರಿಕ್ ಮತ್ತು ಲಂಡನ್ ಒಪ್ಪಂದಗಳಾದವು. ಗ್ರೀಸ್ ಜೊತೆ ವಿಲೀನವೂ ಇಲ್ಲ, ವಿಭಜನೆಯೂ ಇಲ್ಲ ಎಂದು ಸಂವಿಧಾನದಲ್ಲೇ ಕಟ್ಟು ಹಾಕಿ 1960ರ ಆಗಸ್ಟ್ 16ರಂದು ಗಣರಾಜ್ಯ ಹುಟ್ಟಿತು. ಅಕ್ರೋಟಿರಿ, ಢೆಕೆಲಿಯಾ ಸೇನಾ ನೆಲೆಗಳನ್ನು ಬ್ರಿಟನ್ ಇಟ್ಟುಕೊಂಡಿತು, ಈಗಲೂ ಬಿಟ್ಟಿಲ್ಲ. ಗೆರಿಲ್ಲಾಗಳ ಕೈಗೆ ಬಂದದ್ದು ಅವರು ಕೇಳದಿದ್ದ ವಸ್ತು.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ತಿಮ್ಮಯ್ಯನವರು ಅಲ್ಲಿಗೆ ಹೋದಾಗ ಗ್ರೀವಾಸ್ ಎಲ್ಲಿದ್ದ? ಅಲ್ಲೇ ಇದ್ದ! 1963ರ ಡಿಸೆಂಬರ್‌ನಲ್ಲಿ ಎರಡು ಸಮುದಾಯಗಳ ನಡುವೆ ರಕ್ತಪಾತವಾಗಿ ವಿಶ್ವಸಂಸ್ಥೆಯ ಶಾಂತಿಪಡೆ ಬಂತು. ಅದರ ಮೊದಲ ದಂಡನಾಯಕ ನಮ್ಮವರೇ ಆದ ಲೆಫ್ಟಿನೆಂಟ್ ಜನರಲ್ ಗ್ಯಾನಿ. 1964ರ ಜುಲೈನಲ್ಲಿ ಮಡಿಕೇರಿಯ ಕೊಡಂದೇರ ತಿಮ್ಮಯ್ಯ ಅಧಿಕಾರ ವಹಿಸಿಕೊಂಡರು. ಅದಕ್ಕೆ ಸ್ವಲ್ಪ ಮೊದಲಷ್ಟೇ ಗ್ರೀವಾಸ್ ದ್ವೀಪಕ್ಕೆ ಮರಳಿದ್ದ, ಈ ಸಲ ಅಡಗಿಕೊಂಡಲ್ಲ, ಗ್ರೀಕ್ ಸೈಪ್ರಿಯಟ್ ಪಡೆಗಳ ಮುಖಂಡನಾಗಿ. ತಿಮ್ಮಯ್ಯ ಬಂದು ಒಂದು ತಿಂಗಳಾಗುವಷ್ಟರಲ್ಲಿ ಕೊಕ್ಕಿನಾ ಎಂಬ ಟರ್ಕಿಶ್ ಸೈಪ್ರಿಯಟ್ಟರ ನೆಲೆಯ ಮೇಲೆ ಆ ಪಡೆ ಮುಗಿಬಿತ್ತು. ಟರ್ಕಿಯ ವಿಮಾನಗಳು ಬಂದು ಬಾಂಬ್ ಸುರಿದವು. ನಡುವೆ ನಿಂತು ಕದನವಿರಾಮ ಕಾಯುವ ಕೆಲಸ ತಿಮ್ಮಯ್ಯನವರ ಪಡೆಯದು. ಅದೇ ಹುದ್ದೆಯಲ್ಲಿರುವಾಗಲೇ 1965ರ ಡಿಸೆಂಬರ್ 18ರಂದು ಅವರು ಸೈಪ್ರಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಗ್ರೀವಾಸ್ 1971ರಲ್ಲಿ ಮತ್ತೆ ಕದ್ದು ಬಂದು 'ಇಯೋಕಾ-ಬಿ' ಕಟ್ಟಿದ. ಈ ಸಲ ಅವನ ಬಂದೂಕು ತಿರುಗಿದ್ದು ಹಳೆಯ ಜೊತೆಗಾರ ಮಕಾರಿಯೋಸರ ಕಡೆಗೆ. ಕಾರಣ ಅದೇ, ವಿಲೀನವನ್ನು ಕೈಬಿಟ್ಟರು ಎಂಬ ಸಿಟ್ಟು.