ಮಿಠಾಯಿ ಮುಟ್ಟದೆ ಕಾದ ಮಗುವೇ ಮುಂದೆ ಗೆಲ್ಲುತ್ತಾ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕೂವರೆ ವರ್ಷ. ಮೊಬೈಲಿನಲ್ಲಿ ಮಾರ್ಷ್‌ಮೆಲ್ಲೋ (ಮೆತ್ತಗಿನ ಒಂದು ಮಿಠಾಯಿ) ಪ್ರಯೋಗದ ವಿಡಿಯೋ ನೋಡಿ ಮನೆಯಲ್ಲೂ ಮಾಡಿ ನೋಡಿದೆವು. ಎದುರಿಗೆ ಒಂದು ಚಾಕೊಲೇಟ್ ಇಟ್ಟು, "ಅಮ್ಮ ವಾಪಸ್ ಬರೋವರೆಗೂ ತಿನ್ನದೆ ಇದ್ರೆ ಇನ್ನೊಂದು ಕೊಡ್ತೀನಿ" ಅಂದೆ. ನಾನು ಬಾಗಿಲು ದಾಟುವಷ್ಟರಲ್ಲಿ ತಿಂದು ಮುಗಿಸಿದ್ದಳು. ಹೀಗೆ ಕಾಯದ ಮಕ್ಕಳು ಮುಂದೆ ಓದಿನಲ್ಲೂ ಬದುಕಿನಲ್ಲೂ ಹಿಂದೆ ಬೀಳುತ್ತಾರೆ ಅನ್ನುತ್ತಾರಲ್ಲ, ನಿಜವಾ? ಈಗಿನಿಂದಲೇ ಏನಾದರೂ ಮಾಡಬೇಕಾ?

ಉತ್ತರ: ಗಾಬರಿಯಾಗಬೇಡಿ. ಒಂದು ಚಾಕೊಲೇಟ್ ಇಟ್ಟು ಮಗುವಿನ ಮುಂದಿನ ಬದುಕು ಹೇಳಲು ಆಗುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಹಲವು ಸಂಶೋಧಕರು ಇದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದ್ದಾರೆ. ಅವರಿಗೆ ಸಿಕ್ಕಿದ್ದು ವಿಡಿಯೋದಲ್ಲಿ ಹೇಳುವ ಕಥೆಗಿಂತ ತುಂಬಾ ಬೇರೆ. ಬೇಜಾರಿನ ಸಂಗತಿ ಏನೆಂದರೆ, ಮೊದಲ ಕಥೆ ಎಲ್ಲರ ಮನೆಗೂ ತಲುಪಿತು, ಎರಡನೆಯದು ತಲುಪಲಿಲ್ಲ.

ಮೊದಲು ಮೂಲ ಪ್ರಯೋಗ ಏನಿತ್ತು ನೋಡೋಣ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದಲ್ಲಿ ಬಿಂಗ್ ಅನ್ನುವ ಶಿಶುವಿಹಾರ ಇದೆ. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಪ್ರೊಫೆಸರುಗಳ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮಕ್ಕಳು. 1960ರ ದಶಕದ ಕೊನೆಯಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಷೆಲ್ ಮತ್ತು ಅವರ ಜೊತೆಗಾರರು ಅಲ್ಲಿ ಈ ಪ್ರಯೋಗಗಳನ್ನು ಶುರು ಮಾಡಿದರು. ಅವರು ತಿಳಿಯಲು ಹೊರಟಿದ್ದು ಯಾವ ಮಗು ಗೆಲ್ಲುತ್ತದೆ ಅಂತ ಅಲ್ಲ. ಮಕ್ಕಳು ಆಸೆಯನ್ನು ಹೇಗೆ ತಡೆದುಕೊಳ್ಳುತ್ತಾರೆ, ಯಾವುದು ಅದನ್ನು ಸುಲಭ ಮಾಡುತ್ತದೆ, ಯಾವುದು ಕಷ್ಟ ಮಾಡುತ್ತದೆ ಅನ್ನುವುದು ಅವರ ಪ್ರಶ್ನೆ.

1970ರಲ್ಲಿ ಪ್ರಕಟವಾದ ವರದಿಯಲ್ಲಿ ಇದ್ದದ್ದು 32 ಮಕ್ಕಳು. ಅದರಲ್ಲಿ ಮಾರ್ಷ್‌ಮೆಲ್ಲೋ ಇರಲೇ ಇಲ್ಲ. ಬಿಸ್ಕತ್ತು ಮತ್ತು ಪ್ರೆಟ್ಜೆಲ್ ಅನ್ನುವ ಗರಿಗರಿ ಉಪ್ಪು ತಿಂಡಿ ಇದ್ದವು. ತಿಂಡಿ ಕಣ್ಣೆದುರಿಗೇ ಇದ್ದಾಗ ಮಕ್ಕಳು ಕಾದದ್ದು ಸರಾಸರಿ ಒಂದು ನಿಮಿಷ. ಅದೇ ತಿಂಡಿ ಕಾಣದ ಹಾಗೆ ಇಟ್ಟಾಗ 11 ನಿಮಿಷ! ಮುಂದಿನ ಪ್ರಯೋಗಗಳಲ್ಲಿ ಮಾರ್ಷ್‌ಮೆಲ್ಲೋ ಬಂತು. "ಇದು ಮೋಡ ಅಂದುಕೋ" ಅಂತ ಹೇಳಿಕೊಟ್ಟರೆ, ಬೇರೆ ಏನಾದರೂ ಖುಷಿಯ ವಿಷಯ ಯೋಚಿಸು ಅಂದರೆ ಮಕ್ಕಳು ಜಾಸ್ತಿ ಹೊತ್ತು ಕಾಯುತ್ತಿದ್ದರು. ಮಗುವಿನ ಗುಣ ಬದಲಾಗಿರಲಿಲ್ಲ, ಸುತ್ತಲಿನ ಸಂದರ್ಭ ಬದಲಾಗಿತ್ತು. ನನ್ನ ಪ್ರಕಾರ ಮಿಷೆಲ್ ಅವರ ಕೆಲಸದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಭಾಗ ಇದೇ. ಆದರೆ ಜನರ ಬಾಯಲ್ಲಿ ಉಳಿದದ್ದು ಇದಲ್ಲ.

ಉಳಿದದ್ದು 1990ರ ಇನ್ನೊಂದು ವರದಿ. ಆ ಮಕ್ಕಳು ದೊಡ್ಡವರಾದ ಮೇಲೆ ಮಿಷೆಲ್, ಯುಯಿಚಿ ಶೋಡಾ ಮತ್ತು ಫಿಲಿಪ್ ಪೀಕ್ ಆ ಮಕ್ಕಳ ಮನೆಯವರಿಗೆ ಪತ್ರ ಬರೆದು ವಿಚಾರಿಸಿದರು. ಆ ಎಲ್ಲ ಪ್ರಯೋಗಗಳೂ ಸೇರಿ ಇದ್ದವರು 653 ಮಕ್ಕಳು. ಉತ್ತರ ಬಂದದ್ದು 185 ಮಕ್ಕಳ ಬಗ್ಗೆ. ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆಯ ಅಂಕ ಸಿಕ್ಕಿದ್ದು 94 ಮಕ್ಕಳದ್ದು ಮಾತ್ರ. ಅದರಲ್ಲೂ ಕಾಯುವಿಕೆಗೂ ಅಂಕಕ್ಕೂ ಗಟ್ಟಿ ನಂಟು ಕಂಡದ್ದು ಒಂದೇ ಗುಂಪಿನಲ್ಲಿ: ತಿಂಡಿ ಕಣ್ಣೆದುರು ಇದ್ದು, ಯಾವ ಉಪಾಯವನ್ನೂ ಹೇಳಿಕೊಡದೆ ಬಿಟ್ಟಿದ್ದ ಮಕ್ಕಳಲ್ಲಿ. ಅವರು 35 ಮಂದಿ. ಇಷ್ಟು ಸಣ್ಣ ಗುಂಪಿನಲ್ಲಿ ನಂಟು ಇರುವುದಕ್ಕಿಂತ ದೊಡ್ಡದಾಗಿ ಕಂಡಿರಬಹುದು ಅಂತ ಆ ಸಂಶೋಧಕರೇ ಎಚ್ಚರಿಸಿದ್ದರು.

ಆ ಎಚ್ಚರಿಕೆಯ ಸಾಲು ಪತ್ರಿಕೆಗಳಿಗೆ, ಭಾಷಣಗಳಿಗೆ, ಪೇರೆಂಟಿಂಗ್ ಪುಸ್ತಕಗಳಿಗೆ ಬರಲಿಲ್ಲ. "ಕಾದ ಮಗು ಗೆಲ್ಲುತ್ತದೆ" ಅನ್ನುವ ಮಾತು ಬಂತು. ಫಿಲಡೆಲ್ಫಿಯಾದ ಶಾಲೆಯೊಂದು "ಮಾರ್ಷ್‌ಮೆಲ್ಲೋ ತಿನ್ನಬೇಡ" ಅಂತ ಬರೆದ ಟೀ-ಶರ್ಟನ್ನೇ ಮಕ್ಕಳಿಗೆ ಹಾಕಿಸಿತು. ಬಡ ಮನೆಗಳಿಂದ ಬಂದ ಮಕ್ಕಳಿಗೆ ಹಾಗೆ ಹೇಳಿದರೆ ಅದರ ಅರ್ಥ ಏನಾಗುತ್ತದೆ ಯೋಚಿಸಿ. ನಿನ್ನ ಕಷ್ಟಕ್ಕೆ ಕಾರಣ ನಿನಗೆ ತಾಳ್ಮೆ ಇಲ್ಲದಿರುವುದು ಅಂದ ಹಾಗಾಗುತ್ತದೆ, ಅಲ್ವಾ? ಒಂದು ಸಂಶೋಧನೆ ಸಮಾಜದಲ್ಲಿ ಮಾಡಬಹುದಾದ ಹಾನಿ ಅಂದರೆ ಇದು.

ಈ ಜಾಗದಲ್ಲೇ ಸೆಲೆಸ್ಟ್ ಕಿಡ್ ಅನ್ನುವ ಸಂಶೋಧಕಿಗೆ ಅನುಮಾನ ಬಂತು. ಅವರು ಹಿಂದೆ ಮನೆ ಇಲ್ಲದ ಕುಟುಂಬಗಳ ಆಶ್ರಯ ಕೇಂದ್ರವೊಂದರಲ್ಲಿ ಕೆಲಸ ಮಾಡಿದ್ದರು. ಅಲ್ಲಿನ ಮಗುವಿನ ಕೈಗೆ ಸಿಕ್ಕ ತಿಂಡಿ ಮರುಗಳಿಗೆಗೆ ಇರುತ್ತದೆ ಅನ್ನುವ ಖಾತ್ರಿ ಇರಲಿಲ್ಲ. ಅಂಥ ಮಗು ಕೂಡಲೇ ತಿಂದರೆ ಅದನ್ನು ತಾಳ್ಮೆ ಇಲ್ಲದಿರುವುದು ಅನ್ನಬೇಕಾ, ಜಾಣತನ ಅನ್ನಬೇಕಾ?

ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅವರು 28 ಮಕ್ಕಳನ್ನು ಎರಡು ಗುಂಪು ಮಾಡಿದರು. ಮೊದಲು ಚಿತ್ರ ಬಿಡಿಸಲು ಹಳೆಯ ಮೊಂಡು ಕ್ರೇಯಾನ್ ಕೊಟ್ಟು, "ಸ್ವಲ್ಪ ಕಾದರೆ ಚೆನ್ನಾಗಿರೋದು ತಂದುಕೊಡ್ತೀನಿ" ಅಂದರು. ಒಂದು ಗುಂಪಿಗೆ ಹೇಳಿದ ಹಾಗೇ ತಂದುಕೊಟ್ಟರು. ಇನ್ನೊಂದು ಗುಂಪಿನ ಹತ್ತಿರ ಬರಿಗೈಲಿ ಬಂದು, "ಸಾರಿ, ಇಲ್ಲವಂತೆ" ಅಂದರು. ಸ್ಟಿಕರಿನ ವಿಷಯದಲ್ಲೂ ಹೀಗೇ ಮಾಡಿದರು. ಇದೆಲ್ಲ ಆದ ಮೇಲೆ ಮಾರ್ಷ್‌ಮೆಲ್ಲೋ ಇಟ್ಟರು. ಹೇಳಿದ್ದನ್ನು ತಂದುಕೊಟ್ಟಿದ್ದ ಗುಂಪಿನ ಮಕ್ಕಳು ಸರಾಸರಿ 12 ನಿಮಿಷ ಕಾದರು. ಬರಿಗೈಲಿ ಬಂದಿದ್ದ ಗುಂಪಿನ ಮಕ್ಕಳು 3 ನಿಮಿಷ. ಮೊದಲ ಗುಂಪಿನ 14 ಮಕ್ಕಳಲ್ಲಿ 9 ಮಂದಿ ಪೂರ್ತಿ 15 ನಿಮಿಷ ಕೂತರು, ಎರಡನೆಯದರಲ್ಲಿ ಒಂದೇ ಒಂದು ಮಗು. 2013ರಲ್ಲಿ ಅಚ್ಚಾದ ಈ ಪ್ರಯೋಗವೂ ಸಣ್ಣದೇ, ಅದನ್ನು ಮರೆಯಬಾರದು. ಆದರೂ ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ. ಎದುರಿಗಿರುವ ದೊಡ್ಡವರ ಮಾತನ್ನು ಎಷ್ಟು ನಂಬಬಹುದು ಅನ್ನುವ ಲೆಕ್ಕವನ್ನು ಮಗು ತಾನೇ ಹಾಕುತ್ತದೆ. ಹೊರಗಿನಿಂದ ನೋಡುವ ನಾವು ಆ ಲೆಕ್ಕಕ್ಕೆ "ಸ್ವಭಾವ" ಅಂತ ಹೆಸರಿಡುತ್ತೇವೆ.

ದೊಡ್ಡ ಮರುಪ್ರಯೋಗ ಬಂದದ್ದು 2018ರಲ್ಲಿ. ಟೈಲರ್ ವಾಟ್ಸ್, ಗ್ರೆಗ್ ಡಂಕನ್ ಮತ್ತು ಹಾವೊನಾನ್ ಕ್ವಾನ್ ಅಮೆರಿಕದ ಬೇರೆ ಬೇರೆ ಊರುಗಳ 918 ಮಕ್ಕಳ ಮಾಹಿತಿ ತೆಗೆದುಕೊಂಡರು. ಅದರಲ್ಲೂ ತಾಯಿ ಪದವಿ ಮುಗಿಸಿರದ ಸುಮಾರು 550 ಮಕ್ಕಳ ಮೇಲೆ ಹೆಚ್ಚು ಗಮನ ಕೊಟ್ಟರು. ಸ್ಟ್ಯಾನ್‌ಫರ್ಡ್‌ನಲ್ಲಿ ಅಂಥ ಮಕ್ಕಳು ಇರಲೇ ಇಲ್ಲ ಅನ್ನಬಹುದು. ನಾಲ್ಕೂವರೆ ವರ್ಷದಲ್ಲಿ ಎಷ್ಟು ಹೊತ್ತು ಕಾದರು, 15ನೇ ವಯಸ್ಸಿನಲ್ಲಿ ಓದು ಹೇಗಿದೆ ಅಂತ ಹೋಲಿಸಿದರು. ನಂಟು ಇತ್ತು, ಆದರೆ ಮೊದಲು ಹೇಳಿದ್ದರ ಅರ್ಧದಷ್ಟು. ಮನೆಯ ಆದಾಯ, ಮನೆಯ ವಾತಾವರಣ, ಮಗುವಿನ ಆಗಿನ ಕಲಿಕೆಯ ಮಟ್ಟ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ ಆ ಅರ್ಧದಲ್ಲೂ ಮೂರನೇ ಎರಡು ಪಾಲು ಕರಗಿಹೋಯಿತು. ನಡತೆಯ ವಿಷಯದಲ್ಲಂತೂ ಹೇಳಿಕೊಳ್ಳುವಂಥ ನಂಟು ಸಿಗಲೇ ಇಲ್ಲ. ಇನ್ನೊಂದು ಸಂಗತಿ: ಓದಿನಲ್ಲಿ ಕಂಡ ಆ ಸಣ್ಣ ವ್ಯತ್ಯಾಸದ ಹೆಚ್ಚಿನ ಪಾಲು ಮೊದಲ 20 ಸೆಕೆಂಡಿನಲ್ಲೇ ಇತ್ತು. ಇಪ್ಪತ್ತು ಸೆಕೆಂಡು ಕಾದ ಮಗುವಿಗೂ ಏಳು ನಿಮಿಷ ಕಾದ ಮಗುವಿಗೂ ಹೇಳುವಂಥ ಅಂತರ ಇರಲಿಲ್ಲ.

ಈ ಅಧ್ಯಯನಕ್ಕೂ ಆಕ್ಷೇಪ ಬಂದಿದೆ. ಎರಡು ವರ್ಷದ ನಂತರ ಆರ್ಮಿನ್ ಫಾಕ್ ಮತ್ತು ಜೊತೆಗಾರರು, ಕಲಿಕೆಯ ಮಟ್ಟವನ್ನೂ ಹೊರಗಿಟ್ಟು ಲೆಕ್ಕ ಹಾಕಿದರೆ ತಾಳ್ಮೆಯ ಒಂದು ಭಾಗವನ್ನೇ ಹೊರಗಿಟ್ಟ ಹಾಗಾಗುತ್ತದೆ ಅಂದರು. ನ್ಯಾಯವಾದ ಮಾತು. ತಾಳ್ಮೆ, ಬುದ್ಧಿ, ಮನೆಯ ಸ್ಥಿತಿ ಇವು ಒಂದರೊಳಗೊಂದು ಬೆರೆತಿರುತ್ತವೆ, ಪೂರ್ತಿ ಬಿಡಿಸಿ ಇಡಲು ಬರುವುದಿಲ್ಲ. ಆದರೆ ಬಿಡಿಸಲು ಬಾರದ್ದನ್ನು "ಎಲ್ಲ ತಾಳ್ಮೆಯಿಂದಲೇ" ಅನ್ನುವುದಕ್ಕೂ ಆಧಾರ ಇಲ್ಲ.

ಬಿಂಗ್ ಶಿಶುವಿಹಾರದ ಮೂಲ ಮಕ್ಕಳ ಕಥೆ ಏನಾಯಿತು ಅಂತ ನೀವು ಕೇಳಬಹುದು. ಅವರಲ್ಲಿ 113 ಮಂದಿ ನಡುವಯಸ್ಸಿಗೆ ಬಂದ ಮೇಲಿನ ಸ್ಥಿತಿ ನೋಡಿದ ವರದಿ 2020ರಲ್ಲಿ ಬಂತು. ಆಸ್ತಿ, ಸಾಲ, ಓದು ಮುಂತಾದವನ್ನು ಅವರು ಚಿಕ್ಕಂದಿನಲ್ಲಿ ಕಾದ ನಿಮಿಷಗಳು ಮುಂಚೆಯೇ ಹೇಳಿರಲಿಲ್ಲ. ಆ ವರದಿಯ ಲೇಖಕರಲ್ಲಿ ಸ್ವತಃ ಮಿಷೆಲ್ ಕೂಡ ಒಬ್ಬರು. ಅದು ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ದೊಡ್ಡವರಾಗುತ್ತಾ ಹೋದ ಹಾಗೆ ಹಲವು ಬಾರಿ, ಹಲವು ಪ್ರಶ್ನೆಗಳಿಂದ ಅಳೆದ ಸ್ವನಿಯಂತ್ರಣಕ್ಕೆ ಮಾತ್ರ ನಂಟು ಕಂಡಿತು. ಅಂದರೆ ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಬದುಕಿಗೆ ಬೇಕು, ಅದರಲ್ಲಿ ತಕರಾರಿಲ್ಲ. ನಾಲ್ಕು ವರ್ಷದ ಮಗು ಒಂದು ದಿನ ತಿಂಡಿ ತಟ್ಟೆಯ ಮುಂದೆ ಏನು ಮಾಡಿತು ಅನ್ನುವುದು ಅದರ ಅಳತೆಗೋಲು ಆಗುವುದಿಲ್ಲ, ಅಷ್ಟೇ. 2024ರಲ್ಲಿ 702 ಮಂದಿಯನ್ನು 26ನೇ ವಯಸ್ಸಿನವರೆಗೆ ಹಿಂಬಾಲಿಸಿದ ಅಧ್ಯಯನವೂ ಇದೇ ಕಡೆಗೆ ಬೆರಳು ತೋರಿಸಿತು.

ಬೇರೆ ನಾಡಿನ ಮಕ್ಕಳನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಕ್ಯಾಮರೂನಿನ ಎನ್ಸೊ ಜನರ ರೈತ ಮಕ್ಕಳ ಮುಂದೆ ಅಲ್ಲಿಯ ಪಫ್-ಪಫ್ ಅನ್ನುವ ಕರಿದ ಸಿಹಿ ಇಟ್ಟರು. ಜರ್ಮನಿಯ ಮಕ್ಕಳ ಮುಂದೆ ಅವರ ಇಷ್ಟದ ಮಿಠಾಯಿ. ಎನ್ಸೊ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿ ಕೊನೆಯವರೆಗೂ ಕಾದರು, ಜರ್ಮನ್ ಮಕ್ಕಳಲ್ಲಿ 30 ಮಂದಿಯೂ ಇಲ್ಲ. 2022ರಲ್ಲಿ ಜಪಾನ್ ಮತ್ತು ಅಮೆರಿಕದ ಮಕ್ಕಳನ್ನು ಹೋಲಿಸಿದ ಪ್ರಯೋಗ ನನಗೆ ಬಹಳ ಇಷ್ಟ. ತಿಂಡಿ ಇಟ್ಟಾಗ ಜಪಾನಿ ಮಕ್ಕಳು ಹೆಚ್ಚು ಕಾದರು. ಸುತ್ತಿಟ್ಟ ಉಡುಗೊರೆ ಇಟ್ಟಾಗ ಅಮೆರಿಕದ ಮಕ್ಕಳು ಹೆಚ್ಚು ಕಾದರು! ಜಪಾನಿನಲ್ಲಿ ಎಲ್ಲರಿಗೂ ಬಡಿಸುವವರೆಗೆ ತಿನ್ನದೆ ಕೂರುವುದು ರೂಢಿ. ಅಮೆರಿಕದಲ್ಲಿ ಹುಟ್ಟುಹಬ್ಬಕ್ಕೆ, ಕ್ರಿಸ್‌ಮಸ್‌ಗೆ ಉಡುಗೊರೆ ಬಿಚ್ಚದೆ ಕಾಯುವುದು ರೂಢಿ. ನಮ್ಮ ಎಷ್ಟೋ ಮನೆಗಳಲ್ಲಿ ನೈವೇದ್ಯ ಆಗುವವರೆಗೂ ಹೋಳಿಗೆ ಮುಟ್ಟದ ಮಗು, ಬೇರೆ ದಿನ ಚಾಕೊಲೇಟಿಗೆ ಒಂದು ಗಳಿಗೆಯೂ ಕಾಯುವುದಿಲ್ಲ. ನಿಮ್ಮ ಮಗಳನ್ನೂ ಆ ಕಣ್ಣಿನಿಂದ ಒಮ್ಮೆ ನೋಡಿ.

ಇಷ್ಟೆಲ್ಲ ಓದಿದ ಮೇಲೆ "ಹಾಗಾದರೆ ಮನೋವಿಜ್ಞಾನವೇ ಸುಳ್ಳಾ?" ಅನ್ನಿಸಬಹುದು. ಹಾಗಲ್ಲ. 2015ರಲ್ಲಿ ಬ್ರಯಾನ್ ನೊಸೆಕ್ ನೇತೃತ್ವದಲ್ಲಿ ನೂರು ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ, ಸುಮಾರು 36ರಲ್ಲಿ ಮಾತ್ರ ಮೊದಲಿನಂಥ ಸ್ಪಷ್ಟ ಫಲಿತಾಂಶ ಬಂತು. ಎದೆಯುಬ್ಬಿಸಿ ನಿಂತರೆ ದೇಹದ ಹಾರ್ಮೋನೇ ಬದಲಾಗುತ್ತದೆ ಅಂದ 2010ರ ಅಧ್ಯಯನದಲ್ಲಿ 42 ಮಂದಿ ಇದ್ದರು. ಐದು ವರ್ಷದ ನಂತರ 200 ಮಂದಿಯ ಮೇಲೆ ನೋಡಿದಾಗ ಧೈರ್ಯ ಬಂದ ಹಾಗೆ ಅವರಿಗೆ ಅನ್ನಿಸಿತು, ಹಾರ್ಮೋನು ಬದಲಾಗಲಿಲ್ಲ. ಇನ್ನೊಂದು ಕಡೆ, ವಿದ್ಯುತ್ ಶಾಕ್ ಕೊಡಲು ಹೇಳಿ ಜನರ ವಿಧೇಯತೆ ನೋಡಿದ ಸ್ಟ್ಯಾನ್ಲಿ ಮಿಲ್‌ಗ್ರಮ್ ಪ್ರಯೋಗವನ್ನು ಜೆರ್ರಿ ಬರ್ಗರ್ ಸುರಕ್ಷಿತ ಮಿತಿಯೊಳಗೆ ಮತ್ತೆ ಮಾಡಿ 2009ರಲ್ಲಿ ಪ್ರಕಟಿಸಿದಾಗ, ಫಲಿತಾಂಶ 60ರ ದಶಕದ್ದಕ್ಕೆ ಹತ್ತಿರವೇ ಬಂತು. ಬೇರೆ ಬಣ್ಣದ ಶಾಯಿಯಲ್ಲಿ ಬರೆದ ಬಣ್ಣದ ಹೆಸರನ್ನು ತೋರಿಸಿ, ಶಾಯಿಯ ಬಣ್ಣ ಯಾವುದು ಅಂತ ಕೇಳುವ 1935ರ ಸ್ಟ್ರೂಪ್ ಪ್ರಯೋಗ ಇಂದಿಗೂ ಕ್ಲಾಸಿನಲ್ಲಿ ಮಾಡಿದರೂ ಸರಿಯಾಗಿ ಬರುತ್ತದೆ.

ತಪ್ಪು ಆಗುವ ಕಾರಣಗಳೂ ಈಗ ಗೊತ್ತಾಗಿವೆ. ಸಣ್ಣ ಗುಂಪಿನಲ್ಲಿ ಆಕಸ್ಮಿಕವಾಗಿ ದೊಡ್ಡ ಅಂತರ ಕಾಣುತ್ತದೆ. ಅಂತರ ಕಂಡ ಅಧ್ಯಯನ ಪ್ರಕಟವಾಗುತ್ತದೆ, ಕಾಣದ್ದು ಕಪಾಟಿನಲ್ಲಿ ಉಳಿಯುತ್ತದೆ. ಈಗ ಅನೇಕರು ಪ್ರಯೋಗಕ್ಕೆ ಮುಂಚೆಯೇ ಏನನ್ನು ಹೇಗೆ ಅಳೆಯುತ್ತೇವೆ ಅಂತ ಬರೆದು ದಾಖಲಿಸುತ್ತಾರೆ. ಆಮೇಲೆ ಲೆಕ್ಕ ಬದಲಿಸಿದರೆ ಗೊತ್ತಾಗುತ್ತದೆ. ಇದನ್ನು ನಾನು ಆ ವಿಜ್ಞಾನದ ಸೋಲು ಅಂದುಕೊಳ್ಳುವುದಿಲ್ಲ. ತನ್ನ ಹೆಸರಾಂತ ಫಲಿತಾಂಶಗಳನ್ನೇ ಮತ್ತೆ ಒರೆಗೆ ಹಚ್ಚುವ ಶಾಸ್ತ್ರದ ಮೇಲೆ ನನಗೆ ಗೌರವ ಜಾಸ್ತಿಯೇ ಆಗಿದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ: ಏನಾದರೂ ಮಾಡಬೇಕಾ? ತಾಳ್ಮೆ ಕಲಿಸಬೇಕು ಅಂತ ದಿನಾ ತಿಂಡಿ ಇಟ್ಟು ಪರೀಕ್ಷೆ ಮಾಡಬೇಡಿ. ಕಾಯಲೇಬೇಕಾದ ಸಂದರ್ಭ ಬಂದಾಗ ತಿಂಡಿಯನ್ನು ಕಣ್ಣಿಂದ ದೂರ ಇಡಿ, ಕೈಗೆ ಆಡಲು ಏನಾದರೂ ಕೊಡಿ. ಮಿಷೆಲ್ ಅವರ ಆ ಭಾಗ ಈಗಲೂ ಕೆಲಸಕ್ಕೆ ಬರುತ್ತದೆ. "ಸಂಜೆ ಪಾರ್ಕಿಗೆ ಕರ್ಕೊಂಡು ಹೋಗ್ತೀನಿ" ಅಂದರೆ ಕರೆದುಕೊಂಡು ಹೋಗಿ. ಆಗದೆ ಇದ್ದರೆ ಸುಮ್ನೆ ಮಾತು ಮರೆಸಬೇಡಿ, ಯಾಕೆ ಆಗಲಿಲ್ಲ ಅಂತ ಹೇಳಿ. ಯಾವುದಾದರೂ ಶಾಲೆ ಇಂಥ ಆಟ ಆಡಿಸಿ ಮಕ್ಕಳನ್ನು ತಾಳ್ಮೆ ಇರುವವರು, ಇಲ್ಲದವರು ಅಂತ ವಿಂಗಡಿಸಿದರೆ, ಇದಕ್ಕೆ ಆಧಾರ ಏನು ಅಂತ ಧೈರ್ಯವಾಗಿ ಕೇಳಿ.

ಮಕ್ಕಳನ್ನು ಒಬ್ಬೊಬ್ಬರೇ ಕೂರಿಸುವುದಕ್ಕಿಂತ ಜೊತೆಯಲ್ಲಿ ಕಾಯಿಸುವುದೂ ಒಳ್ಳೆಯದು. ಜರ್ಮನಿ ಮತ್ತು ಕೀನ್ಯಾದ ಐದಾರು ವರ್ಷದ ಮಕ್ಕಳನ್ನು ಜೋಡಿ ಮಾಡಿ ಒಂದು ಪ್ರಯೋಗ ನಡೆದಿದೆ. 2020ರಲ್ಲಿ ಅದರ ವರದಿ ಬಂತು. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂರಬೇಕು, ಒಬ್ಬರಿಗೊಬ್ಬರು ಕಾಣುವುದಿಲ್ಲ. ಇಬ್ಬರೂ ಕಾದರೆ ಮಾತ್ರ ಇಬ್ಬರಿಗೂ ಎರಡನೇ ಬಿಸ್ಕತ್ತು. ಇನ್ನೊಂದು ಮಗು ತಿಂದುಬಿಟ್ಟರೆ ತನ್ನ ಕಾಯುವಿಕೆ ದಂಡ ಅನ್ನುವ ಅಪಾಯ ಇತ್ತು. ಆದರೂ ತನಗೋಸ್ಕರ ಮಾತ್ರ ಕಾಯಬೇಕಾಗಿದ್ದ ಮಕ್ಕಳಿಗಿಂತ ಈ ಜೋಡಿಗಳಲ್ಲೇ ಹೆಚ್ಚು ಮಕ್ಕಳು ಕೊನೆಯವರೆಗೂ ಕಾದರು. ನಿಮ್ಮ ಮಗಳಿಗೆ ಅಕ್ಕನೋ ತಮ್ಮನೋ ಪಕ್ಕದ ಮನೆಯ ಗೆಳತಿಯೋ ಇದ್ದರೆ, ಮುಂದಿನ ಸಲ ಆಟ ಅಂತಲೇ ಇಬ್ಬರನ್ನೂ ಸೇರಿಸಿಕೊಳ್ಳಿ. ಕಾದರೂ ಕಾಯದಿದ್ದರೂ ಅಂಕ ಮಾತ್ರ ಹಾಕಬೇಡಿ.